ಹೆಸರು ಹೇಳದ ಸಾಕ್ಷಿ

ಆ ಕಾಗದ ನನ್ನ ಟೇಬಲ್ಲಿಗೆ ಬಂದದ್ದು ಒಂದು ಸೋಮವಾರ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿತ್ತು. ಬಾಗಲಕೋಟೆಯಲ್ಲಿ ಪೊಲೀಸ್ ಇಲಾಖೆಯ ಪಾಸ್‌ಪೋರ್ಟ್ ವಿಚಾರಣೆಯ ಕೆಲಸ ಆಗ ನನ್ನದು. ಯಾರಾದರೂ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಅವರ ಊರಿಗೆ ಹೋಗಿ, ಮನೆ ನೋಡಿ, ಅಕ್ಕಪಕ್ಕದವರನ್ನು ಕೇಳಿ, ಮನುಷ್ಯ ಇದ್ದಾನೋ ಇಲ್ಲವೋ, ಇದ್ದರೆ ಎಂಥವನು ಎಂದು ವರದಿ ಬರೆಯುವುದು. ಅಕ್ಷರ ದುಂಡಗಿದ್ದವು, ಕೈ ಚುರುಕಾಗಿತ್ತು. ಒಂದು ದಿನಕ್ಕೆ ಎಂಟು ವರದಿ ಮುಗಿಸಿದ್ದೇನೆ ಎಂದು ಚಹಾ ಕುಡಿಯುವಾಗ ನಾಲ್ಕು ಮಂದಿಗೆ ಕೇಳಿಸುವಂತೆ ಹೇಳುವ ಚಾಳಿಯೂ ಇತ್ತು.

ಈ ಕಾಗದ ಮಾತ್ರ ಬೇರೆ ತರಹದ್ದು. ಕೊಲ್ಲಿ ದೇಶವೊಂದರಲ್ಲಿರುವ ನಮ್ಮ ರಾಯಭಾರ ಕಚೇರಿಯಿಂದ ಬಂದ ಫ್ಯಾಕ್ಸ್. ಒಬ್ಬ ಮನುಷ್ಯ ಅವರ ಬಾಗಿಲಿಗೆ ಬಂದಿದ್ದಾನೆ, ಪಾಸ್‌ಪೋರ್ಟ್ ಇಲ್ಲ, ಅದರ ನಂಬರೂ ನೆನಪಿಲ್ಲ, ತಾನು ಭಾರತದವನು ಎನ್ನುತ್ತಾನೆ, ಖಾತ್ರಿ ಮಾಡಿ ತಿಳಿಸಿರಿ ಎಂದಿತ್ತು. ಮೂಲೆಯಲ್ಲಿ ಒಂದು ಫೋಟೊ. ಫ್ಯಾಕ್ಸಿನೊಳಗೆ ಹಾಯ್ದು ಬಂದು ಅದು ಹೆಂಚಿನ ತಳದಷ್ಟು ಕಪ್ಪಾಗಿತ್ತು. ಹೆಸರಿನ ಜಾಗದಲ್ಲಿ ಮಹಾಂತೇಶ ವೀರಪ್ಪ ಎಂದೂ, ಊರಿನ ಜಾಗದಲ್ಲಿ ಹುನಗುಂದ, ಜಿಲ್ಲಾ ಬಾಗಲಕೋಟೆ ಎಂದೂ ಇಂಗ್ಲಿಷಿನಲ್ಲಿ ಟೈಪಾಗಿತ್ತು. ಹೆಂಡತಿಯ ಹೆಸರೊಂದಿತ್ತು. ಓಣಿ, ಮನೆ ನಂಬರು, ಏನೂ ಇರಲಿಲ್ಲ.

ಮರುದಿನ ಹುನಗುಂದಕ್ಕೆ ಹೋದೆ. ಮನೆಗಳ ರಿಜಿಸ್ಟರ್ ತಿರುವಿದೆ, ಮತದಾರರ ಪಟ್ಟಿ ನೋಡಿದೆ, ರೇಷನ್ ಅಂಗಡಿಯಲ್ಲಿ ಕೇಳಿದೆ. ಮಹಾಂತೇಶರು ಆ ಕಡೆ ಓಣಿಗೆ ಮೂವರು ಸಿಗುತ್ತಾರೆ. ಅವರಲ್ಲಿ ಅಪ್ಪನ ಹೆಸರು ವೀರಪ್ಪ ಇದ್ದವನು ಒಬ್ಬನೇ. ಅವನು ಬಸ್ ಸ್ಟ್ಯಾಂಡಿನ ಎದುರು ಸೈಕಲ್ ಪಂಕ್ಚರ್ ತಿದ್ದುತ್ತ ಕೂತಿದ್ದ.

“ಪರದೇಶಕ್ಕ ಹೋಗಿದ್ದೀ ಏನಪಾ?” ಎಂದೆ.

“ಕೂಡಲಸಂಗಮ ದಾಟಿಲ್ರಿ ನಾ,” ಎಂದ.

ಎರಡು ದಿನ ತಿರುಗಿದೆ. ಎರಡನೇ ದಿನದ್ದು ಹೋದ ಪುಟ್ಟ ಬಂದ ಪುಟ್ಟ ಅನ್ನುವಂಥ ತಿರುಗಾಟ ಎಂದು ಈಗ ಒಪ್ಪಿಕೊಳ್ಳುತ್ತೇನೆ. ‘ಸದರಿ ವ್ಯಕ್ತಿ ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ, ಪತ್ತೆಯಾಗಿರುವುದಿಲ್ಲ’ ಎಂದು ದುಂಡಗೆ ಬರೆದು, ಕೆಳಗೆ ನನ್ನ ಹೆಸರು, ಕಚೇರಿಯ ಫೋನ್ ನಂಬರು ಹಾಕಿ, ಸಾಹೇಬರ ಸಹಿ ಮಾಡಿಸಿ ಕಳಿಸಿಬಿಟ್ಟೆ. ಆ ಒಂದು ಸಾಲಿನಿಂದ ಅಲ್ಲಿ ಒಬ್ಬನ ದಾರಿ ಮುಚ್ಚುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಕಡತ ಕಟ್ಟಿ ಮೇಲಿಟ್ಟು ಮುಂದಿನದಕ್ಕೆ ಕೈ ಹಾಕಿದೆ.

ಹತ್ತು ದಿನದ ಮೇಲೆ ಕಚೇರಿಯ ಫೋನು ಗಣಗಣಿಸಿತು. ಆ ಕಡೆ ಹಿಂದಿ. ರಾಯಭಾರ ಕಚೇರಿಯಲ್ಲಿ ನಮ್ಮ ಜನರ ಕಷ್ಟಸುಖ ನೋಡುವ ಅಧಿಕಾರಿ. ನನ್ನ ಹಿಂದಿ ನಮ್ಮೂರು ಬಾದಾಮಿಯ ಹಿಂದಿ. ಗುಹೆ ನೋಡಲು ಬಂದವರ ಜೊತೆ, ಓಣಿಯ ಮುಸಲ್ಮಾನ ಗೆಳೆಯರ ಜೊತೆ ಆಡಿ ಕಲಿತದ್ದು. ಆದರೂ ಅವರ ಮಾತು ಚೊಕ್ಕ ತಿಳಿಯಿತು. ಕನ್ನಡದಲ್ಲೇ ಬರೆಯುತ್ತೇನೆ.

“ವರದಿ ಬರೆದವರು ನೀವೇನಾ? ತಪ್ಪು ತಿಳಿಯಬೇಡಿ. ನೀವು ಪತ್ತೆಯಾಗಿಲ್ಲ ಎಂದು ಬರೆದಿದ್ದೀರಿ. ಆದರೆ ಆ ಮನುಷ್ಯ ದಿನಾ ಬಂದು ಮೆಟ್ಟಿಲ ಮೇಲೆ ಕೂಡುತ್ತಾನೆ. ಸುಳ್ಳು ಹೇಳುವವನ ಹಾಗೆ ಕಾಣುವುದಿಲ್ಲ. ಮತ್ತೊಮ್ಮೆ ನೋಡಲು ಆಗುತ್ತದೆಯೆ?”

ಮಗ್ಗದ ಕೆಲಸ ಎಂದು ಅವನನ್ನು ಕರೆದುಕೊಂಡು ಹೋಗಿ, ಮರಳುಗಾಡಿನಲ್ಲಿ ಆಡು ಕಾಯಲು ಬಿಟ್ಟಿದ್ದರಂತೆ. ಪಾಸ್‌ಪೋರ್ಟ್ ಮಾಲೀಕ ಇಟ್ಟುಕೊಂಡಿದ್ದ. ಐದು ತಿಂಗಳ ಮೇಲೆ ಓಡಿ ಬಂದಿದ್ದಾನೆ. ಕಾಗದ ಇಲ್ಲದ ಪರದೇಶದವರು ಶಿಕ್ಷೆ ಇಲ್ಲದೆ ಊರಿಗೆ ಮರಳಬಹುದು ಎಂದು ಆ ಸರಕಾರ ಆಗ ಒಂದು ಗಡುವು ಕೊಟ್ಟಿತ್ತು. ಅದು ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಅಷ್ಟರೊಳಗೆ ಇವನು ನಮ್ಮವನು ಎಂದು ಖಾತ್ರಿಯಾದರೆ ರಾಯಭಾರ ಕಚೇರಿ ಒಂದೇ ಪ್ರಯಾಣಕ್ಕೆ ನಡೆಯುವ ತುರ್ತು ಕಾಗದ ಕೊಡುತ್ತದೆ. ಆಗದಿದ್ದರೆ ಜೈಲು. ಎಷ್ಟು ವರ್ಷ ಎಂದು ಹೇಳುವವರಿಲ್ಲ.

“ಅವನು ಏನಂತಾನ್ರಿ ಸಾಹೇಬ್ರ?” ಎಂದೆ.

“ಹುನಗುಂದ ಎನ್ನುತ್ತಾನೆ, ಆಮೇಲೆ ಇಳಕಲ್ ಎನ್ನುತ್ತಾನೆ. ಇದರಲ್ಲಿ ಊರು ಯಾವುದು ಎಂದರೆ ಅಳುತ್ತಾನೆ.”

ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹೆಂಗಸಿನ ಗಾದೆ ಕೇಳಿದ್ದೆ, ಆ ಹೆಂಗಸು ನಾನೇ ಎಂದು ಗೊತ್ತಾದದ್ದು ಆಗ. ನನ್ನ ಅಡ್ಡಹೆಸರು ಕೆರೂರ. ಮುತ್ತ್ಯಾನ ಮುತ್ತ್ಯಾ ಕೆರೂರು ಬಿಟ್ಟು ಬಾದಾಮಿಗೆ ಬಂದದ್ದಕ್ಕೆ ನಾವು ಕೆರೂರದವರಾದೆವು. ನಾನು ಕೆರೂರಲ್ಲಿ ಬಸ್ಸು ಇಳಿದದ್ದು ಎರಡೋ ಮೂರೋ ಸಲ, ಅದೂ ಚಹಾಕ್ಕೆ. ನಮ್ಮ ಕಡೆ ಊರು ಬಿಟ್ಟವರಿಗೇ ಆ ಊರಿನ ಹೆಸರು. ಹುನಗುಂದ ಎಂದು ಅಡ್ಡಹೆಸರು ಇದ್ದವನು ಹುನಗುಂದದಲ್ಲಿ ಯಾಕೆ ಸಿಕ್ಕಾನು? ಅಲ್ಲಿ ಫಾರ್ಮು ತುಂಬಿದವರು ಅಡ್ಡಹೆಸರನ್ನು ಊರಿನ ಜಾಗಕ್ಕೆ ಬರೆದಿದ್ದರು. ಪರಸ್ಥಳದವರು, ಅವರದೇನು ತಪ್ಪು? ತಪ್ಪು ನನ್ನದು.

ಅವತ್ತೇ ಇಳಕಲ್ಲಿನ ಬಸ್ಸು ಹತ್ತಿದೆ. ನೇಕಾರರ ಓಣಿಗಳಲ್ಲಿ ಮಗ್ಗದ ಸಪ್ಪಳ ಕೇಳುತ್ತ, ಹುನಗುಂದದವರ ಮನೆ ಎಲ್ಲಿ ಎಂದು ಕೇಳಿದೆ. ಎರಡನೇ ಮನೆಯವರೇ ಕೈ ಮಾಡಿ ತೋರಿಸಿದರು. ಹದಿನೈದು ನಿಮಿಷದ ಕೆಲಸ.

ಒಂದೇ ಪಡಸಾಲೆಯ ಮನೆ. ನೆಲದಲ್ಲಿ ಕುಣಿ ತೆಗೆದು ಕೂಡಿಸಿದ ಮಗ್ಗ. ಅದರ ಮೇಲೆ ಅರ್ಧ ಆದ ಸೀರೆ, ಸೀರೆಯ ಮೇಲೆ ಧೂಳು. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ರಾಟಿ ತಿರುವಿ ಬೇರೆಯವರ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮೂರ್ನಾಲ್ಕು ವರ್ಷದ ಮಗಳೊಬ್ಬಳು ಬೆನ್ನಿಗೆ ಜೋತಿದ್ದಳು. ಖಾಕಿ ಕಂಡದ್ದೇ ರಾಟಿ ನಿಂತಿತು.

“ಖಬರ್ ಬಂತೇನ್ರಿ?” ಎಂದಳು. ನಾನು ಯಾರು, ಯಾಕೆ ಬಂದೆ ಎಂದು ಕೇಳಲಿಲ್ಲ. “ಆರ ತಿಂಗಳಾತ್ರಿ ಫೋನ್ ಇಲ್ಲ. ಅದಾರೋ ಇಲ್ಲೋ ಅಷ್ಟ ಹೇಳ್ರಿ.”

“ಅದಾರವ್ವ. ಆರಾಮ ಅದಾರ,” ಎಂದೆ.

ಅವಳು ಅಳಲಿಲ್ಲ. ಮಗಳನ್ನು ಮುಂದೆ ಎಳೆದುಕೊಂಡು ಅದರ ತಲೆಯ ಮೇಲೆ ಕೈ ಇಟ್ಟಳು. ಪಕ್ಕದ ಮನೆಯಿಂದ ಅವನ ಸೋದರತ್ತೆ ಓಡಿ ಬಂದಳು. ಅಪ್ಪ ಅವ್ವ ತೀರಿಕೊಂಡ ಮೇಲೆ ಅವನನ್ನು ಬೆಳೆಸಿ, ಮದುವೆ ಮಾಡಿದವಳು ಈ ಮುದುಕಿ. ತುಳಸಿಗೇರಿ ಹನುಮಪ್ಪನಿಗೆ ಒಂದು, ಬನಶಂಕರಿಗೆ ಒಂದು, ಹೀಗೆ ಬೇಡಿಕೊಂಡ ಹರಕೆಗಳನ್ನೆಲ್ಲ ನಿಂತಲ್ಲೇ ನನಗೆ ಒಪ್ಪಿಸಿದಳು.

ಹೇಳಿಕೆ ಬರೆದುಕೊಳ್ಳಲು ಕೂತೆ. “ಗಂಡನ ಹೆಸರವ್ವ?”

“ನೀವ ಬರ್ಕೋರಿ,” ಎಂದಳು.

ಬರೆದುಕೊಂಡೆ. ಕಾಗದದಲ್ಲಿ ಇತ್ತಲ್ಲ. ರೇಷನ್ ಕಾರ್ಡಿನ ನಕಲು ತೆಗೆಸಿದೆ, ಸಾಲೆಗೆ ಹೋಗಿ ಅವನ ದಾಖಲಾತಿ ಬರೆಸಿಕೊಂಡೆ, ಅಕ್ಕಪಕ್ಕದ ಇಬ್ಬರು ಹಿರಿಯರ ಸಹಿ ಹಾಕಿಸಿದೆ. ಪಾಸ್‌ಪೋರ್ಟ್ ಏಜೆಂಟನೊಬ್ಬ ಮುಂಬೈಯ ವಿಳಾಸದ ಮೇಲೆ ಮಾಡಿಸಿಕೊಟ್ಟಿದ್ದ, ಹಾಗಾಗಿ ನಮ್ಮಲ್ಲಿ ಅದರ ದಾಖಲೆ ಇರಲಿಲ್ಲ; ಅವನು ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿರಲಿಲ್ಲ.

ಬಾಗಲಕೋಟೆಗೆ ಬಂದು ಬರೆಯಲು ಕೂತಾಗ ಪೆನ್ನು ಏಳಲಿಲ್ಲ. ಇಲ್ಲ ಎಂದು ಬರೆದವನೇ ಈಗ ಇದ್ದಾನೆ ಎಂದು ಬರೆಯಬೇಕು. ‘ಹೊಸ ಮಾಹಿತಿ ದೊರೆತ ಮೇರೆಗೆ’ ಎಂದು ಜಾರಿಸಿ ಬರೆಯುವ ಕಲೆ ನನಗೆ ಬರುತ್ತಿತ್ತು. ಆದರೆ ಎರಡು ವರದಿ ಎರಡು ತರಹ ಇದ್ದರೆ ಓದುವವರು ಯಾವುದನ್ನು ನಂಬಬೇಕು? ಕೊನೆಗೆ ‘ನನ್ನ ಮೊದಲಿನ ವರದಿ ತಪ್ಪು, ಅಡ್ಡಹೆಸರನ್ನು ಊರೆಂದು ತಿಳಿದು ತಪ್ಪಾದ ಊರಿನಲ್ಲಿ ಹುಡುಕಿದ್ದೇನೆ’ ಎಂದು ಇದ್ದದ್ದನ್ನೇ ಬರೆದು ಸಾಹೇಬರ ಮುಂದಿಟ್ಟೆ.

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. “ನಿನ್ನ ತಪ್ಪು ನೀನ ಬರ್ದು ಕೊಡ್ತೀ ಏನಲೇ? ಮೆಮೊ ಕೊಡಬೇಕಾಗ್ತದ ನಿನಗ.”

“ಕೊಡ್ರಿ ಸರ್. ಸಹಿ ಮಾತ್ರ ಇವತ್ತ ಮಾಡ್ರಿ.”

ಮಾಡಿದರು. ಫ್ಯಾಕ್ಸ್ ಹೋಗುವ ತನಕ ಯಂತ್ರದ ಪಕ್ಕದಲ್ಲೇ ನಿಂತಿದ್ದರು. ಮೆಮೊ ಕೊಟ್ಟರು, ಅದು ಬೇರೆ ಮಾತು. ಆದರೆ ರಾಯಭಾರ ಕಚೇರಿ ಮುಟ್ಟುವ ಮೊದಲು ಇನ್ನೂ ಎರಡು ಊರಿನ ಮೇಲಿನ ಕಚೇರಿಗಳ ಮೇಜು ದಾಟಬೇಕಾದ ಕಾಗದವನ್ನು ಆ ಮೇಜಿನವರಿಗೆಲ್ಲ ತಾವೇ ಫೋನ್ ಮಾಡಿ ಮಾಡಿ ನಾಲ್ಕು ದಿನದಲ್ಲಿ ಮುಟ್ಟಿಸಿದವರೂ ಅವರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನ್ನ ಪಾಲಿಗೆ ಪೂಜಾರಿಯೂ ಒಳ್ಳೆಯವನು ಸಿಕ್ಕಿದ್ದ.

ಗಡುವಿಗೆ ಐದು ದಿನ ಇರುವಾಗ ಆ ಅಧಿಕಾರಿ ಮತ್ತೆ ಫೋನ್ ಮಾಡಿದರು. ವರದಿ ಬಂದಿದೆ, ಆದರೆ ಮೊದಲೊಂದು ‘ಇಲ್ಲ’ ಕಡತದಲ್ಲಿ ಕೂತಿರುವುದರಿಂದ ಮೇಲಿನವರು ಇನ್ನೊಂದು ಖಾತ್ರಿ ಕೇಳುತ್ತಿದ್ದಾರೆ. ಅರ್ಜಿಯಲ್ಲಿ ಹೆಸರಿರುವ ಹೆಂಡತಿಯ ಜೊತೆ ತಾವೇ ಮಾತಾಡಬೇಕು, ಎರಡು ಮೂರು ಪ್ರಶ್ನೆ ಅಷ್ಟೇ ಎಂದರು. ಅವಳನ್ನು ಪೊಲೀಸ್ ಕಚೇರಿಗೆ ಕರೆಸಿದರೆ ಓಣಿಯವರು ಇಲ್ಲದ್ದು ಕಟ್ಟುತ್ತಾರೆ. ಅವಳ ಓಣಿಯ ತುದಿಯಲ್ಲಿದ್ದ ಎಸ್‌ಟಿಡಿ ಬೂತಿನ ನಂಬರು ಕೊಟ್ಟು, ಮರುದಿನ ಹನ್ನೊಂದು ಗಂಟೆಗೆ ಎಂದು ಗೊತ್ತು ಮಾಡಿದೆ. ಹೋದ ಹೊಸದರಲ್ಲಿ ಅವನು ಫೋನ್ ಮಾಡುತ್ತಿದ್ದದ್ದೂ ಅದೇ ಬೂತಿಗಂತೆ; ನಂಬರಿನ ಚೀಟಿ ಪಾಸ್‌ಪೋರ್ಟಿನ ಜೊತೆಗೇ ಮಾಲೀಕನ ಕೈ ಸೇರಿತ್ತು.

ಹತ್ತಕ್ಕೇ ಹೋಗಿ ನಿಂತೆವು. ಅವಳು, ಸೋದರತ್ತೆ, ಮಗು, ನಾನು. ಅವಳಿಗೆ ಹಿಂದಿ ಬಾರದು, ನಾನು ನಡುವೆ ನಿಂತು ಹೇಳುವುದು ಎಂದಾಗಿತ್ತು. ಫೋನ್ ಬಂತು. ಅಧಿಕಾರಿ ಒಂದೇ ಷರತ್ತು ಹಾಕಿದರು: ಉತ್ತರ ಅವಳ ಬಾಯಿಂದಲೇ ಬರಬೇಕು, ಪೊಲೀಸರ ಬಾಯಿಂದಲ್ಲ.

ಅವಳ ಹೆಸರು ಕೇಳಿದರು. ಹೇಳಿದಳು. ಮಗಳ ಹೆಸರು. ಹೇಳಿದಳು. ಗಂಡನ ಹೆಸರು.

ರಿಸೀವರ್ ಕಿವಿಯಿಂದ ಕೆಳಗಿಳಿಸಿದಳು.

“ಹೇಳವ್ವ, ಗಂಡನ ಹೆಸರ ಕೇಳಾಕತ್ತಾರ,” ಎಂದೆ. ತಲೆ ಬಗ್ಗಿಸಿ ಸೆರಗಿನ ತುದಿ ಬೆರಳಿಗೆ ಸುತ್ತಿದಳು. ಮತ್ತೆ ಕೇಳಿದೆ. ಇನ್ನೊಮ್ಮೆ ಜೋರಾಗಿ ಕೇಳಿದೆ. ರಿಸೀವರ್ ನನ್ನ ಕೈಗೆ ಕೊಟ್ಟುಬಿಟ್ಟಳು.

ಅಧಿಕಾರಿಯ ದನಿ ಇಳಿದಿತ್ತು. “ನೋಡಿ, ಸುಳ್ಳು ಮನೆ, ಸುಳ್ಳು ಹೆಂಡತಿ ತೋರಿಸಿದ ಪ್ರಕರಣಗಳನ್ನು ನಾವು ನೋಡಿದ್ದೇವೆ. ಹೆಂಡತಿ ಗಂಡನ ಹೆಸರು ಹೇಳಲಿಲ್ಲ ಎಂದು ನಾನು ಬರೆದರೆ ಈ ಕಡತ ಇಲ್ಲಿಗೇ ನಿಲ್ಲುತ್ತದೆ. ಬರೆಯದೆ ಇರಲು ನನಗೆ ಬರುವುದಿಲ್ಲ.”

“ಹತ್ತು ನಿಮಿಷ ಕೊಡ್ರಿ ಸಾಹೇಬ್ರ,” ಎಂದು ಫೋನ್ ಇಟ್ಟೆ. ಸಿಟ್ಟು ನೆತ್ತಿಗೇರಿತ್ತು. ಊರಿಂದ ಊರಿಗೆ ಓಡಿದ್ದು, ಮೆಮೊ ತಿಂದದ್ದು, ಎಲ್ಲ ಇವಳ ಒಂದು ಮಾತಿಗೆ ನಿಂತಿದೆ.

“ಏನವ್ವ ತಂಗಿ, ಗಂಡ ಜೈಲಿಗೆ ಹೋಗೂದು ಬೇಕೇನ ನಿನಗ? ಒಂದ ಹೆಸರ ಹೇಳಾಕ ಏನ ಧಾಡಿ?”

ಸೋದರತ್ತೆ ನಡುವೆ ಬಂದಳು. “ಒದರಬ್ಯಾಡ್ರಿ ಸಾಹೇಬ್ರ. ಗಂಡನ ಹೆಸರ ಹಿಡೀತಾರೇನ್ರಿ ಯಾರರ? ನಿಮ್ಮ ಮನ್ಯಾಗ ಹಿಡೀತಾರ?”

ಹದಿನೆಂಟು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ‘ಏನ್ರಿ’ ಬಿಟ್ಟು ಬೇರೆ ಕರೆದವಳಲ್ಲ. ಬ್ಯಾಂಕಿನಲ್ಲಿ ನನ್ನ ಹೆಸರು ಕೇಳಿದಾಗ ಪಕ್ಕದವಳಿಗೆ ‘ನೀ ಹೇಳವಾ’ ಎಂದು ಮೊಣಕೈಯಿಂದ ತಿವಿದಿದ್ದಳು. ಅದೆಲ್ಲ ಗೊತ್ತಿದ್ದ ನಾನು, ಹೇಳಿಕೆಯ ದಿನ ಇವಳು ‘ನೀವ ಬರ್ಕೋರಿ’ ಎಂದಾಗಲೇ ಎಚ್ಚರಾಗಿ ಆ ಅಧಿಕಾರಿಗೆ ಹೇಳಿಡಬೇಕಿತ್ತು.

“ಇದೊಂದ ಸಲ ಹೇಳವ್ವ. ದೇವರು ಏನೂ ಅನ್ನಂಗಿಲ್ಲ,” ಎಂದೆ, ದನಿ ತಗ್ಗಿಸಿ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ಹೆಸರ ಹಿಡದ್ರ ಆಯುಷ್ಯ ಕಡಿಮಿ ಆಗ್ತದಂತಾರ್ರಿ. ಅವ್ರು ಇಲ್ಲೇ ಮಗ್ಗದಾಗ ಕುಂತಿದ್ರ ಹೇಳೂ ಧೈರ್ಯ ಮಾಡ್ತಿದ್ದೆನೇನೋ. ಈಗಷ್ಟ ಹೇಳಂಗಿಲ್ರಿ. ಅವ್ರು ಅಲ್ಲಿ ಹಂಗ ಇರೂವಾಗ ಈಗಷ್ಟ ನನ್ನ ಬಾಯಾಗಿಂದ ಬರೂದಿಲ್ರಿ.”

ಗಡಿಯಾರ ನೋಡಿದೆ. ಮುದುಕಿ ತನ್ನಷ್ಟಕ್ಕೆ ಗೊಣಗುತ್ತಿದ್ದಳು: “ಲಗ್ನದ ದಿನ ಒಡಪು ಹೇಳಿದಾಗ ಬಂದಿತ್ತು ನೋಡ್ರಿ ಬಾಯಾಗ ಹೆಸರು. ನಾನ ಬಾಗಲಾ ಅಡ್ಡಗಟ್ಟಿದ್ದೆ. ಹೇಳ್ದ ಹೊರತು ಒಳಗ ಬಿಟ್ಟಿದ್ದಿಲ್ಲ.”

ಒಡಪು! ಮದುವೆಯಾಗಿ ಬಂದ ಹುಡುಗಿಯನ್ನು ಹೊಸ್ತಿಲಲ್ಲಿ ತಡೆದು, ಪದ ಕಟ್ಟಿ ಗಂಡನ ಹೆಸರು ಹೇಳಿಸುತ್ತಾರೆ. ಒಡಪಿನಲ್ಲಿ ಬಂದ ಹೆಸರಿಗೆ ದೋಷವಿಲ್ಲ. ಒಬ್ಬೊಬ್ಬಳದು ಒಂದೊಂದು. ಕೇಳಿದವರು ಮರೆತರೂ ಹೇಳಿದವಳು ಮರೆಯುವುದಿಲ್ಲ. ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತವನು ಮರೆತಾನೆಯೆ?

“ಅವತ್ತಿನ ಒಡಪ ಹೇಳ್ತೀ ಏನವ್ವ ಫೋನಿನ್ಯಾಗ?”

ಯೋಚಿಸಿದಳು. “ಅದು ಹೇಳ್ತೇನ್ರಿ. ಅದಕ್ಕ ಏನ ಆಗಂಗಿಲ್ಲ.”

ಫೋನ್ ಬಂದಾಗ, ಅಧಿಕಾರಿಗೆ ಎಲ್ಲ ಬಿಡಿಸಿ ಹೇಳಿದೆ. ನನ್ನ ಹಿಂದಿಗೆ ಆವತ್ತು ಎಲ್ಲಿಂದ ಅಷ್ಟು ಕಾಲು ಬಂದವೋ. ಕೊನೆಗೆ, “ಸಾಹೇಬ್ರ, ಒಂದ ಕೆಲಸ ಮಾಡ್ರಿ. ಅವನು ನಿಮ್ಮ ಕಚೇರಿಯಾಗ ಇದ್ರ ಬ್ಯಾರೆ ಕೂರ್ಸಿ ಕೇಳ್ರಿ. ಲಗ್ನದ ದಿನ ಹೊಸ್ತಿಲ ಮ್ಯಾಲ ಹೆಂಡತಿ ಏನ ಹೇಳಿದ್ಲು ಅಂತ. ಬರ್ಕೊಂಡು ನಿಮ್ಮ ಹತ್ರ ಇಟಗೋರಿ, ನನಗ ಹೇಳಬ್ಯಾಡ್ರಿ. ಆಮ್ಯಾಲ ಇಕಿ ಕಡಿಂದ ಕೇಳ್ರಿ. ಎರಡೂ ಕೂಡಿದ್ರ ಇದಕ್ಕಿಂತ ದೊಡ್ಡ ಸಾಕ್ಷಿ ನಾ ಎಲ್ಲಿಂದ ತರ್ಲಿ?” ಎಂದೆ.

ಇದು ಯಾವ ನಿಯಮದಲ್ಲಿ ಬರುತ್ತದೆ ಎಂದು ಅವರು ಕೇಳಿದ್ದರೆ ನಾನು ಏನೂ ಹೇಳುವವನಲ್ಲ. ಕೇಳಲಿಲ್ಲ. “ಅರ್ಧ ಗಂಟೆ ಕಾಯಿರಿ,” ಎಂದರು.

ಅರ್ಧ ಗಂಟೆ ನಲವತ್ತು ನಿಮಿಷವಾಯಿತು. ಫೋನ್ ಬಂದಾಗ ಅವರ ದನಿಯೇ ಬೇರೆ ಆಗಿತ್ತು. “ನನಗೆ ಒಂದು ಶಬ್ದವೂ ತಿಳಿದಿಲ್ಲ. ಅವನು ಹೇಳಿದಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ. ಆಕೆಗೆ ನಿಧಾನ ಹೇಳಲು ಹೇಳಿ.”

ಅವಳು ನನ್ನನ್ನು ಹೊರಗೆ ನಿಲ್ಲಲು ಹೇಳಿದಳು. ಬೂತಿನ ಗಾಜಿನ ಬಾಗಿಲು ಅರ್ಧ ತೆರೆದೇ ಇತ್ತು. ತಲೆಯ ಮೇಲೆ ಸೆರಗು ಹೊದ್ದು, ಗೋಡೆಗೆ ಮುಖ ಮಾಡಿ, ಒಂದೊಂದೇ ಸಾಲು ಬಿಡಿಸಿ ಹೇಳಿದಳು:

“ಕೊಂಡಿ ಹಾಕಿದ ಸೆರಗ ಕಡಿಯಂಗಿಲ್ಲ,
ಹೊಸ್ತಿಲ ದಾಟಿದ ಕಾಲ ಹೊಳ್ಳಂಗಿಲ್ಲ,
ಮಾಂತೇಶಪ್ಪನ ಹೆಸರ ಮತ್ತ ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ.”

ಇಳಕಲ್ ಸೀರೆಯ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಸೀರೆ ಹರಿದರೂ ಆ ಜೋಡಣೆ ಬಿಡುವುದಿಲ್ಲ ಎಂಬ ಹೆಮ್ಮೆ ನೇಕಾರರದು. ಹದಿನೆಂಟು ಇಪ್ಪತ್ತರ ಹುಡುಗಿ ಅದನ್ನು ಹೊಸ್ತಿಲ ಮೇಲೆ ನಿಂತು ಹೇಳಿದ್ದಳು. ಈಗ ಅಲ್ಲಿ ಒಬ್ಬರು, ಕನ್ನಡ ಬಾರದವರು, ಒಂದೊಂದೇ ಶಬ್ದದ ಮೇಲೆ ಬೆರಳಿಟ್ಟು ಕೇಳುತ್ತಿದ್ದರು.

ಒಳಗೆ ಹೋಗಿ ರಿಸೀವರ್ ತಗೊಂಡೆ.

“ಎರಡು ಸಾಲು ಅಕ್ಷರಕ್ಕೆ ಅಕ್ಷರ ಕೂಡುತ್ತವೆ,” ಎಂದರು. ಮೂರನೆಯದು?

“ಮೂರನೆಯದನ್ನು ಅವನು ಹೇಳಲಿಲ್ಲ. ಎಷ್ಟು ಕೇಳಿದರೂ ಇಲ್ಲ. ‘ಅದು ಆಕಿ ಹೇಳೂದ್ರಿ, ನಾ ಹೇಳೂದಲ್ಲ’ ಎಂದನಂತೆ. ಇದಕ್ಕೆಂದೇ ಇವತ್ತು ಕರೆಸಿದ, ಕನ್ನಡ ಬಲ್ಲ ಮಂಗಳೂರಿನ ಚಾಲಕನೊಬ್ಬ ಅರ್ಥ ಹೇಳಿದ. ಆ ಸಾಲಿಗೆ ಜಾಗ ಖಾಲಿ ಬಿಟ್ಟಿದ್ದೆ. ಈಗ ಆಕೆ ಹೇಳಿದ್ದನ್ನು ಬರೆದೆ. ಅದರಲ್ಲಿ ಅವನ ಹೆಸರು ಇದೆ, ಅಲ್ಲವೆ?”

“ಅದರಿ ಸಾಹೇಬ್ರ,” ಎಂದೆ.

“ನನಗೆ ಇಷ್ಟು ಸಾಕು. ಕಾಗದ ನಾಳೆ ಆಗುತ್ತದೆ.” ಮೆಲ್ಲಗೆ ಸೇರಿಸಿದರು, “ನನ್ನ ಅಮ್ಮನೂ ಅಪ್ಪನ ಹೆಸರು ಹೇಳುತ್ತಿರಲಿಲ್ಲ. ನನಗೂ ಮರೆತಿತ್ತು.” ಆಮೇಲೆ, ಕಾಯುತ್ತಿದ್ದವನ ಕೈಗೆ ಅವರೇ ಫೋನ್ ಕೊಟ್ಟರು. ನಾನು ರಿಸೀವರ್ ಅವಳಿಗೆ ಕೊಟ್ಟು ಈ ಸಲ ಬಾಗಿಲು ಪೂರಾ ಮುಚ್ಚಿದೆ.

ಗಡುವಿಗೆ ಎರಡು ದಿನ ಇರುವಾಗ ಅವನು ಮುಂಬೈಯಲ್ಲಿ ಇಳಿದ. ಆ ಅಧಿಕಾರಿಯನ್ನು ನಾನು ಕಣ್ಣಿಂದ ನೋಡಿದವನಲ್ಲ. ಆದರೆ ‘ಇಲ್ಲ’ ಎಂದು ಬರೆದ ಕಾಗದ ಕೈಯಲ್ಲಿ ಇದ್ದೂ ಮತ್ತೊಮ್ಮೆ ನೋಡುತ್ತೀರಾ ಎಂದು ಕೇಳಿದರಲ್ಲ, ಆ ಒಂದು ಫೋನಿಗೆ ನಾನು ಇಂದಿಗೂ ಋಣಿ. ಅವನ ಮನೆಯವರಿಗಿಂತ ಒಂದು ಗುಂಜಿ ಹೆಚ್ಚೇ ನನ್ನದು. ಅವರು ಕೇಳದೆ ಇದ್ದಿದ್ದರೆ ನನ್ನ ದುಂಡಗಿನ ಅಕ್ಷರ ಒಬ್ಬನನ್ನು ಜೈಲಿನಲ್ಲಿ ಇಡುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ. ಅದರ ನಂತರ ದಿನಕ್ಕೆ ಎಂಟು ವರದಿ ಬರೆಯುವುದನ್ನು ಬಿಟ್ಟೆ.

ಮುಂದಿನ ಒಂದು ಶನಿವಾರ ತುಳಸಿಗೇರಿಗೆ ಹೋಗಿ ಹರಕೆ ತೀರಿಸಿಕೊಂಡು, ಗಂಡ ಹೆಂಡತಿ ಮಗಳು ನಮ್ಮ ಕಚೇರಿಗೆ ಬಂದರು. ಮನುಷ್ಯ ಸೊರಗಿದ್ದ, ಮುಖ ಬಿಸಿಲಿಗೆ ಸುಟ್ಟು ಫ್ಯಾಕ್ಸಿನ ಫೋಟೊದ ಹಾಗೇ ಇತ್ತು. ಬಾಗಿಲಲ್ಲೇ ಬಗ್ಗಿ ನನ್ನ ಕಾಲಿಗೆ ಕೈ ಹಾಕಲು ಬಂದ, ತಡೆದು ಕುರ್ಚಿಯ ಮೇಲೆ ಕೂಡಿಸಿದೆ. ಮೊದಲ ವರದಿಯ ಮಾತು ನಾನೇ ಎತ್ತಿ ತಪ್ಪಾತಪ್ಪ ಎಂದೆ. ಅವನು ನಕ್ಕ. “ಇರ್ಲಿ ಬಿಡ್ರಿ ಸಾಹೇಬ್ರ, ಹುನಗುಂದದಾಗ ನಮ್ಮನ್ನ ಯಾರ ಗುರ್ತ ಹಿಡೀತಾರ್ರಿ,” ಎಂದ. ಮಗಳು ಅವನ ತೋಳು ಹಿಡಿದುಕೊಂಡೇ ಇದ್ದಳು, ಪೆಪ್ಪರಮೆಂಟು ಕೊಟ್ಟರೂ ಬಿಡಲಿಲ್ಲ.

ಕಡತ ಮುಗಿಸಲು ಒಂದು ಹೇಳಿಕೆ ಬೇಕಿತ್ತು. ಬಂದವನು ಇವನೇ ಎಂದು ಮನೆಯವರು ಗುರುತಿಸಿದ್ದಕ್ಕೆ. ಕಾಗದ ಎಳೆದುಕೊಂಡು, ಪೆನ್ನು ತೆಗೆದು, ರೂಢಿಯಂತೆ ಅವಳ ಕಡೆ ತಿರುಗಿ ಕೇಳಿದೆ:

“ಇವರ ಹೆಸರೇನವ್ವ?”

ತಲೆ ಮೇಲಿನ ಸೆರಗು ಸರಿ ಮಾಡಿಕೊಂಡಳು. ಗಂಡನ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ ನಕ್ಕಳು.

“ಮತ್ತ ಕೇಳಬ್ಯಾಡ್ರಿ ಅಂತ ಆವತ್ತ ಹೇಳೇನಲ್ರಿ,” ಎಂದಳು.

ನಾನೇ ಬರೆದುಕೊಂಡೆ.